ತಲೆಕೆಳಗಾದ ಭಿನ್ನರಾಶಿ

ವಾರಿಜಾ ಟೀಚರು ಬಹುಕಾಲ ಗಣಿತ ಕಲಿಸಿದ್ದ ಶಾಲೆಯನ್ನು ವರ್ಷದ ನಡುವೆಯೇ ಬಿಟ್ಟು, ಆನ್‌ಲೈನ್ ಪಾಠಗಳನ್ನು ರೂಪಿಸುವ ಕಂಪನಿ ಸೇರಿದ್ದರು. ಇಲ್ಲಿ ಸೀಮೆಸುಣ್ಣದ ಧೂಳಿಲ್ಲ, ಗಂಟಲು ಹರಿದುಕೊಳ್ಳುವುದಂತೂ ಇಲ್ಲವೇ ಇಲ್ಲ. ರೊಟ್ಟಿ ಮುರಿದು ಭಿನ್ನರಾಶಿ ಹೇಳಿಕೊಡುವ ಅವರ ಮೊದಲ ಪಾಠ ಊರೂರ ಮಕ್ಕಳಿಗೆ ಹಿಡಿಸಿತ್ತು.

ಒಂದು ದಿನ ತಂಡದ ಮುಖ್ಯಸ್ಥೆ ಶಾಹೀನ್ ಪರದೆ ತೋರಿಸಿದಳು. "ನೋಡಿ ಮೇಡಂ, ಯಾರೋ ಒಬ್ಬರು ನಿಮ್ಮ ವಿಡಿಯೊದಲ್ಲಿ ಭಾಗಾಕಾರದ ತುಣುಕನ್ನ ದಿನಾ ಸಂಜೆ ಹಿಂದೆ ಎಳೆದೆಳೆದು ನೋಡ್ತಾನೇ ಇದಾರೆ. ಅಲ್ಲೇನೋ ಎಡವಟ್ಟಿದೆ. ತೆಗೆದುಬಿಡೋಣ್ವಾ?"

ವಾರಿಜಾ ಅವರ ಮುಖ ಕೆಂಪಾಯಿತು. "ತೆಗೆಯೋದು ಆಮೇಲೆ. ಆ ಮಗುವಿಗೆ ಎಲ್ಲಿ ತೊಡಕು ಅಂತ ಮೊದಲು ಕೇಳೋಣ" ಎಂದವರೇ ಖಾತೆಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು.

"ಪುಟ್ಟಾ, ನಾನು ಭಿನ್ನರಾಶಿ ಪಾಠದ ಟೀಚರು. ಹೆದರಬೇಡ, ಏನು ಅರ್ಥವಾಗ್ತಿಲ್ಲ ಹೇಳು."

ಆ ಕಡೆಯಿಂದ ಬಂದದ್ದು ಗಂಡಸೊಬ್ಬನ ಅಳುಕಿನ ಪಿಸುದನಿ. "ಎರಡನೇ ಭಿನ್ನರಾಶಿಯನ್ನ ಯಾಕೆ ತಲೆಕೆಳಗು ಮಾಡ್ಬೇಕು ಅಂತ ತಿಳೀತಿಲ್ಲ ಮೇಡಂ."

ವಾರಿಜಾ ನಗು ತಡೆದುಕೊಂಡರು. "ಒಂದು ರೊಟ್ಟಿಯಲ್ಲಿ ಕಾಲು ರೊಟ್ಟಿ ಎಷ್ಟಿರುತ್ತೆ? ನಾಲ್ಕು. ಅರ್ಧ ರೊಟ್ಟಿಯಲ್ಲಿ?"

"ನಾಲ್ಕರಲ್ಲಿ ಅರ್ಧ... ಎರಡು! ಓಹೋ, ಕಾಲರಿಂದ ಭಾಗಿಸೋದು ಅಂದ್ರೆ ನಾಲ್ಕರಿಂದ ಗುಣಿಸೋದು, ಅದಕ್ಕೇ ತಲೆಕೆಳಗು!" ದನಿ ಈಗ ಗಟ್ಟಿಯಾಯಿತು.

"ಈ ವಯಸ್ಸಲ್ಲಿ ಯಾವ ಪರೀಕ್ಷೆಗೆ ಓದ್ತಿದೀರಿ ಸರ್?"

"ಪರೀಕ್ಷೆಗಲ್ಲ ಮೇಡಂ, ಬೆಳಗ್ಗೆ ಎದ್ದರೆ ಪಾಠ ಮಾಡ್ಬೇಕಲ್ಲ! ನೀವು ಹೋದ್ಮೇಲೆ ನಿಮ್ಮ ಕ್ಲಾಸಿನ ಗಣಿತ ನನ್ನ ತಲೆಗೇ ಕಟ್ಟಿದಾರೆ. ನಾನು, ಡ್ರಿಲ್ ಮೇಷ್ಟ್ರು ಕಲ್ಲೇಶಪ್ಪ."