ಕುರಕುಂಭದ ವಾಸನೆ

ಗ್ಲಾಸು ತುಟಿಗೆ ತಾಗುವ ಮೊದಲೇ ರೇಣುವಿನ ಕೈ ನಿಂತಿತು. ಹುಳಿ, ಅದರೊಳಗೆ ಹಸಿ ಮರದ ಘಾಟು. ಈ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಫಾರ್ಮ್‌ಹೌಸ್ ಏಲ್ ಅಂತ ಬಿಯರ್ ಅಕ್ಕಾ, ಮರದ ಪೀಪಾಯಿದಾಗ ವರ್ಷಗಟ್ಟಲೆ ಇಟ್ಟದ್ದು. ಪುಣೆದಾಗ ಈ ಬ್ರೂವರಿ ಬಿಟ್ರ ಎಲ್ಲೂ ಸಿಗೂದಿಲ್ಲ. ಒಂದ ಗುಟುಕು ಕುಡಿ, ಧರ್ಮ ಏನ್ ಕೆಡೂದಿಲ್ಲ," ಎಂದು ತಮ್ಮ ಮಾಂತು ನಕ್ಕ.

"ನಾನೂ ಇದ ಮೊದಲನೇ ಸಲ ನೋಡ್ಲಿಕ್ಕತ್ತೀನಪ್ಪಾ," ಎಂದ ಅವಳ ಗಂಡ ಸಿದ್ದಾರೂಢ.

ಪ್ರತಿ ಶುಕ್ರವಾರ ಅವನ ಅಂಗಿಗೆ ಇದೇ ವಾಸನೆ. ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗೆ ಆಡಿಟ್‌ಗೆ ಹೋಗಿದ್ದೆ ಎನ್ನುತ್ತಿದ್ದ. ಪಾಪ, ಗಂಟಲಿಗೆ ವಿಷ ಹತ್ತದಿರಲಿ ಎಂದು ಅವಳು ಬಾಗಿಲಲ್ಲೇ ಬೆಲ್ಲದ ಚೂರು ಹಿಡಿದು ನಿಲ್ಲುತ್ತಿದ್ದಳು. ಅವನು ಮಗುವಿನಂತೆ ಬಾಯಿ ತೆರೆಯುತ್ತಿದ್ದ. ಆ ಶುಕ್ರವಾರಗಳಲ್ಲಿ ಅವನ ಎದುರಿನ ಕುರ್ಚಿಯಲ್ಲಿ ಯಾರು ಕೂತಿರುತ್ತಿದ್ದರು?

ರೇಣು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಳು. ವೇಟರನನ್ನು ಕರೆದು ಮರಾಠಿಯಲ್ಲಿ ಒಂದು ಚೂರು ಬೆಲ್ಲ ಕೇಳಿದಳು.

"ಬೆಲ್ಲ ಯಾಕಕ್ಕಾ?"

"ಇವರಿಗಪ್ಪಾ. ಕುರಕುಂಭದ ವಾಸನಿ ಬಂತಂದ್ರ ಇವರಿಗೆ ಬೆಲ್ಲ ಬೇಕಾಗತದ."

ಬೆಲ್ಲ ಬಂತು. ಅವಳು ಚೂರನ್ನು ಗಂಡನ ತುಟಿಯವರೆಗೆ ಒಯ್ದಳು. ಸಿದ್ದಾರೂಢ ಬಾಯಿ ತೆರೆಯಲಿಲ್ಲ.