ಹಂದಿಗೂ ‘ರೀ’ ಅನ್ನುತ್ತಿದ್ದ ಮುತ್ಯಾ

ಈಗ ನಾನು ಗುರಿ ಇಟ್ಟು ಹೊಡೆಯಲು ಕಲಿಯುವ ಮೈದಾನದಲ್ಲಿ ಬಂದೂಕಿನ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮಟಕಿ ಊರಿನ ನಮ್ಮ ತೊಗರಿ ಹೊಲದ ಆ ಮಧ್ಯಾಹ್ನ ಎದ್ದು ಬರುತ್ತದೆ.

ಕಾಡುಹಂದಿಗಳಿಂದ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಹಳೇ ಬಂದೂಕೊಂದು ನನ್ನ ಮುತ್ಯಾನ ಹತ್ತಿರ, ಅಂದರೆ ಅಪ್ಪನ ಅಪ್ಪನ ಹತ್ತಿರ, ಇತ್ತು. ತೊಗರಿಯೊಳಗೆ ಏನಾದರೂ ಸರಿದಾಡಿದರೆ ಬಂದೂಕು ಎತ್ತುವ ಮೊದಲು ಅವನು ಮೂರು ಸಲ ಕೂಗುತ್ತಿದ್ದ: “ಒಳಗ ಯಾರದೀರಿ?” ಅಷ್ಟರಲ್ಲಿ ಹಂದಿಗಳು ಓಡಿಹೋಗಿರುತ್ತಿದ್ದವು. “ಹಂದಿಗೂ ರೀ ಹಚ್ಚಿ ಮಾತಾಡ್ತಾನ ನೋಡ್ರಿ” ಎಂದು ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಆ ದಿನ ಶಾಲೆ ತಪ್ಪಿಸಿ, ಕೈಗೆ ಅಂಟುವ ಹಸಿ ತೊಗರಿಕಾಯಿ ತಿನ್ನುತ್ತ ಸಾಲಿನೊಳಗೆ ಕೂತಿದ್ದೆ. ಗಿಡ ಅಲುಗಿತು.

“ಒಳಗ ಯಾರದೀರಿ?”

ಬೈಗುಳದ ಹೆದರಿಕೆಗೆ ಉಸಿರು ಬಿಗಿಹಿಡಿದೆ. ಮೂರು ಸಲ ಕೇಳಿದ. ಮೂರೂ ಸಲ ಸುಮ್ಮನಿದ್ದೆ. ಆಮೇಲೂ ಗುಂಡು ಹಾರಲಿಲ್ಲ. ಕಾಲು ಜೋಮು ಹಿಡಿದು ನಾನೇ ಎದ್ದು ನಿಂತಾಗ ಮುತ್ಯಾ ಬದುವಿನ ಮೇಲಿದ್ದ, ಬಂದೂಕಿನ ಬಾಯಿ ನೆಲಕ್ಕಿತ್ತು.

ಬಂದೂಕಿನಿಂದ ಕಾಡತೂಸು ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡ.

“ಉತ್ತರ ಯಾಕ ಕೊಡಲಿಲ್ಲವ್ವ?”

“ಹಂದಿ ಅಂತ ತಿಳದು ಹೊಳ್ಳಿ ಹೋಗ್ತಿ ಅಂದ್ಕೊಂಡಿದ್ದೆ ಮುತ್ಯಾ.”

“ಕಣ್ಣಿಗಿ ಕಾಣೋತನಕ ಅದು ಹಂದಿ ಅಲ್ಲವ್ವ. ಯಾರದೋ ಕೂಸು ಅಂತ ತಿಳೀಬೇಕು.”

ಮನೆಯಲ್ಲಿ ಅವನು ಯಾರಿಗೂ ಹೇಳಲಿಲ್ಲ. ಸಂಜೆ ಕಟ್ಟೆಯ ಮೇಲೆ ಯಾರೋ ಮತ್ತೆ ಆ ‘ರೀ’ ಮಾತು ತೆಗೆದು ನಕ್ಕರು. ಮುತ್ಯಾನೂ ನಕ್ಕ. ನಾನು ಅವನ ಧೋತರದ ಚುಂಗು ಹಿಡಿದುಕೊಂಡವಳು ಮನೆ ಮುಟ್ಟುವವರೆಗೂ ಬಿಡಲೇ ಇಲ್ಲ.