ಕೊನೇ ಬೆಂಚಿಗೆ ಅರ್ಥವಾಗಿಲ್ಲ

ಮುಖ್ಯೋಪಾಧ್ಯಾಯರು ಇವತ್ತೂ ಬಂದು ಕೂತರು. ಅದೇ ಕೊನೆಯ ಬೆಂಚು, ಅದೇ ಕಪ್ಪು ರಟ್ಟಿನ ನೋಟ್‌ಪುಸ್ತಕ. ಶಿಕ್ಷಕಿಯ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

ಇದು ಹನ್ನೆರಡನೇ ದಿನ. ಶಾಲೆಯಲ್ಲಿ ಏಳು ತರಗತಿ, ಏಳು ಜನ ಶಿಕ್ಷಕರು. ಅವರು ಕೂರುವುದು ಮಾತ್ರ ಇವಳ ನಾಲ್ಕನೇ ತರಗತಿಯಲ್ಲಿ, ಅದೂ ಗಣಿತದ ಅವಧಿಯಲ್ಲಿ. ತಲೆ ತಗ್ಗಿಸಿ ಬರೆಯುತ್ತಾರೆ. ಒಮ್ಮೊಮ್ಮೆ ಬರೆದದ್ದನ್ನು ಸಿಟ್ಟಿನಿಂದ ಹೊಡೆದುಹಾಕುತ್ತಾರೆ.

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಮೇಲಿನ ಕಚೇರಿಯಿಂದ ಪತ್ರ ಬಂದಿತ್ತು. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ನಿಮ್ಮಲ್ಲಿರುವುದು ನೂರ ಎಂಬತ್ತೇಳು ಮಕ್ಕಳು. ಆರು ಜನ ಸಾಕು. ಹೆಚ್ಚುವರಿ ಒಬ್ಬರ ಹೆಸರನ್ನು ತಿಂಗಳ ಕೊನೆಯ ಶುಕ್ರವಾರದೊಳಗೆ ಕಳುಹಿಸಿ. ಮೇಲಿನವರ ಲೆಕ್ಕ ಎಂದಮೇಲೆ ಮುಗಿಯಿತು, ಮೇಲ್ಮನವಿ ಇಲ್ಲ. ಪತ್ರ ಬಂದ ಮರುದಿನದಿಂದಲೇ ಅವರು ಇಲ್ಲಿ ಬಂದು ಕೂರತೊಡಗಿದ್ದರು. ಇವತ್ತು ಆ ಶುಕ್ರವಾರ.

"ಏನ್ ಮಾಡ್ತೀರಿ ಸರ್?" ಎಂದು ಮೂರನೇ ತರಗತಿಯ ಹಿರಿಯ ಶಿಕ್ಷಕಿ, ಎಲ್ಲರ ಬಾಯಲ್ಲೂ ಅಕ್ಕ, ಪತ್ರ ಬಂದ ದಿನವೇ ಕೇಳಿದ್ದಳು.

"ಮೊದ್ಲು ನನಗೆ ಅರ್ಥ ಆಗ್ಬೇಕಲ್ಲಮ್ಮ," ಎಂದು ಅವರು ಕುತ್ತಿಗೆಯ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ಎದ್ದುಹೋಗಿದ್ದರು. ಮೂವತ್ತು ವರ್ಷ ಮೈದಾನದಲ್ಲಿ ಡ್ರಿಲ್ ಮಾಡಿಸಿ, ಸೇವಾಹಿರಿತನದಿಂದ ಆ ಕುರ್ಚಿಗೆ ಬಂದ ಮನುಷ್ಯ. ಕುರ್ಚಿ ಸಿಕ್ಕಿದರೂ ಸೀಟಿ ಬಿಟ್ಟಿರಲಿಲ್ಲ. ಹಾಜರಿ ಪುಸ್ತಕದ ಮೊತ್ತವನ್ನೂ ಗುಮಾಸ್ತನ ಕೈಲೇ ಹಾಕಿಸುವಷ್ಟು ದೊಡ್ಡಸ್ತಿಕೆ.

"ಕೊನೇಲಿ ಸೇರಿದವಳು ನೀನೇ ಕಣೇ," ಎಂದಿದ್ದಳು ಅಕ್ಕ ಆಮೇಲೆ. "ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಹುಷಾರು."

ಈ ಕೆಲಸಕ್ಕಾಗಿ ಶಿಕ್ಷಕಿ ಆರು ವರ್ಷ ಚಪ್ಪಲಿ ಸವೆಸಿದ್ದಳು. ಈಗ ಅದಕ್ಕಿಂತ ಹೆಚ್ಚಾಗಿ ಈ ಇಪ್ಪತ್ತಾರು ಮಕ್ಕಳನ್ನು ಬಿಟ್ಟು ಹೋಗುವುದೇ ಅವಳಿಗೆ ಸಂಕಟ. ಒಂದು ಕೋಣೆಯಲ್ಲಿ ಒಂಬತ್ತು ಮನೆಮಾತು. ಕೊನೆಯ ಬೆಂಚಿನ ಹುಡುಗಿ ದೂರದ ಸೀಮೆಯಿಂದ ಬಂದು ಮೂರು ತಿಂಗಳಾಗಿತ್ತು. ಹೋದ ವಾರವಷ್ಟೇ ಬಾಯಿಬಿಟ್ಟು "ಟೀಚರ್" ಎಂದಿದ್ದಳು. ಅವಳ ಪಕ್ಕದಲ್ಲೇ ಈ ಮನುಷ್ಯ ಬಂದು ಕೂರಬೇಕೇ? ಅವರು ಒಂಚೂರು ವಾಲಿದರೂ ಸಾಕು, ಹುಡುಗಿ ಮೊಣಕೈ ಅಡ್ಡ ಹಿಡಿದು ಪುಸ್ತಕದ ಮೇಲೆ ಕವುಚಿಕೊಳ್ಳುತ್ತಿದ್ದಳು. ಮಗುವನ್ನು ಹೆದರಿಸಿಬಿಟ್ಟಿದ್ದಾರೆ ಎಂದು ಶಿಕ್ಷಕಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಹಲಗೆಯತ್ತ ತಿರುಗಿದಳು.

"ಇಪ್ಪತ್ತಮೂರು ಜನ ಹೊಳೆ ದಾಟ್ಬೇಕು. ಒಂದು ದೋಣೀಲಿ ಐದೇ ಜನ. ಎಷ್ಟು ದೋಣಿ ಬೇಕು? ಪಕ್ಕದವರಿಗೆ ನಿಮ್ಮ ನಿಮ್ಮ ಮಾತಲ್ಲೇ ಹೇಳಿ."

ಕೋಣೆ ಗುಂಯ್‌ಗುಟ್ಟಿತು. "ನಾಲ್ಕು!" ಎಂದಿತು ಮುಂದಿನ ಸಾಲು.

"ಇಪ್ಪತ್ತು ಜನ ಹೋದ್ರು. ಉಳಿದ ಮೂವರು?"

"ಅದು ಶೇಷ, ಟೀಚರ್."

"ಶೇಷ ಅಂತ ದಡದಲ್ಲೇ ಬಿಟ್ಟು ಬರ್ತೀರಾ? ಕತ್ತಲಾದ್ರೆ ಅಳಲ್ವಾ ಅವರು?"

ಮಕ್ಕಳು ನಕ್ಕರು. "ಐದು ದೋಣಿ! ಐದು!"

ಹಿಂದಿನಿಂದ ಒಂದು ಕೆಮ್ಮು ಬಂತು.

"ಮೇಡಂ, ಕೊನೇ ಬೆಂಚಿಗೆ ಅರ್ಥವಾಗಿಲ್ಲ. ಇನ್ನೊಂದ್ಸಲ."

ದಿನಕ್ಕೊಮ್ಮೆ ಅವರ ಬಾಯಿಂದ ಬರುತ್ತಿದ್ದದ್ದು ಈ ಒಂದೇ ಮಾತು. ಅವಳು ಹಲ್ಲು ಕಚ್ಚಿ, ಗುಂಡಿಗಳ ಡಬ್ಬಿಯನ್ನೂ ಐದು ಮುಚ್ಚಳಗಳನ್ನೂ ಎತ್ತಿಕೊಂಡು ಕೊನೆಯ ಬೆಂಚಿಗೇ ನಡೆದಳು. ಒಂದು ಮುಚ್ಚಳಕ್ಕೆ ಐದೈದು ಗುಂಡಿ. ಕೊನೆಗೆ ಮೂರು ಗುಂಡಿ ಬೆಂಚಿನ ಮೇಲೆ ಅನಾಥವಾಗಿ ಉಳಿದವು. ಹುಡುಗಿ ಅವನ್ನು ಐದನೇ ಮುಚ್ಚಳಕ್ಕೆ ಹಾಕಿದಳು. ಮುಖ್ಯೋಪಾಧ್ಯಾಯರು ಆ ಮೂರು ಗುಂಡಿಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಗಂಟೆ ಹೊಡೆಯುವವರೆಗೂ ತಲೆ ಎತ್ತದೆ ಬರೆದರು.

"ಸಾಕು ಮೇಡಂ. ನನಗೆ ಬೇಕಾದ್ದು ಸಿಕ್ತು," ಎಂದು ಎದ್ದರು. "ಕಚೇರಿಗೆ ಉತ್ತರ ಇವತ್ತೇ ಹೋಗುತ್ತೆ."

ಪುಸ್ತಕ ಒಪ್ಪಿಸುವ ಮಕ್ಕಳ ನೂಕುನುಗ್ಗಲಿನಲ್ಲಿ ಅವರು ಮೇಜು ದಾಟಿ ಹೊರಗೆ ಹೋದರು. ಶಿಕ್ಷಕಿ ಮೇಜಿನ ಹಿಂದೆ ಕೂತಳು. ಮಾಡಲು ಬೇರೇನೂ ತೋಚದೆ ಕೆಂಪು ಪೆನ್ನು ಹಿಡಿದು ಪುಸ್ತಕಗಳನ್ನು ಎಣಿಸಿದಳು.

ಇಪ್ಪತ್ತಾರು ಇರಬೇಕಿತ್ತು. ಇಪ್ಪತ್ತೇಳಿದ್ದವು. ರಾಶಿಯ ನಡುವೆ ಆ ಕಪ್ಪು ರಟ್ಟು.

ಓದಲಿ ಎಂದೇ ಇಟ್ಟುಹೋಗಿದ್ದಾರೆ. ಆಗಲಿ, ತನ್ನ ತಪ್ಪುಗಳ ಪಟ್ಟಿಯನ್ನು ತಾನೇ ಓದಿಬಿಡುವುದು ಮೇಲು. ಅವಳು ರಟ್ಟು ತೆರೆದಳು.

ಪಟ್ಟಿಯಲ್ಲ. ಭಾಗಾಕಾರದ ಲೆಕ್ಕಗಳು. ಪುಟದ ಮೇಲೆ ಪುಟ, ಹನ್ನೆರಡು ದಿನ ಅವಳು ಹಲಗೆಯ ಮೇಲೆ ಬರೆದವೇ. ಅರ್ಧಕ್ಕರ್ಧ ತಪ್ಪು. ಆ ತಪ್ಪುಗಳನ್ನು ಅವಳು ಈ ಮೊದಲೇ ನೋಡಿದ್ದಳು, ಕೊನೆಯ ಬೆಂಚಿನ ಹುಡುಗಿಯ ಪುಸ್ತಕದಲ್ಲಿ.

ಹುಡುಗಿ ಇನ್ನೂ ಬಾಗಿಲ ಬಳಿ ಚೀಲ ಕಟ್ಟುತ್ತಿದ್ದಳು.

"ಇಲ್ ಬಾಮ್ಮ. ಹೆಡ್ ಸರ್ ಕಂಡ್ರೆ ನಿನಗೆ ಹೆದರಿಕೆನಾ?"

ಹುಡುಗಿ ಹೊಸ ಭಾಷೆಯ ಪದಗಳನ್ನು ಒಂದೊಂದಾಗಿ ಹುಡುಕಿ ತೆಗೆದಳು. "ಹೆದರಿಕೆ ಇಲ್ಲ ಟೀಚರ್. ಅವರು ನಂದು ನೋಡಿ ಬರೀತಾರೆ."

ಕೊನೆಯ ಪುಟದಲ್ಲಿದ್ದದ್ದು ಶಿಕ್ಷಕಿ ಹಲಗೆಯ ಮೇಲೆ ಎಂದೂ ಬರೆಯದ ಲೆಕ್ಕ: ನೂರ ಎಂಬತ್ತೇಳನ್ನು ಮೂವತ್ತರಿಂದ ಭಾಗಿಸಿದರೆ ಆರು, ಶೇಷ ಏಳು. ಅದರ ಕೆಳಗೆ, 'ಏಳು ಮಕ್ಕಳನ್ನು ದಡದಲ್ಲಿ ಬಿಟ್ಟು ಬರಲಾಗದು, ಏಳನೇ ದೋಣಿ ಬೇಕೇ ಬೇಕು, ನಮ್ಮಲ್ಲಿ ಹೆಚ್ಚುವರಿ ಯಾರೂ ಇಲ್ಲ ಎಂದು ಕಚೇರಿಗೆ ಬರೆಯುತ್ತೇನೆ. ಅದಕ್ಕೆ ಮೊದಲು ಲೆಕ್ಕ ಸರಿಯಿದೆಯೇ ನೋಡಿ ಕೊಡಿ, ಮೇಡಂ.'